ಹಳೇ ಇಂಗ್ಲಿಷ್ ಶಾಲೆಯ ರಿಜಿಸ್ಟರಿನಲ್ಲಿ ಒಬ್ಬ ಹುಡುಗನನ್ನು ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಬಿಷಪ್ ಕಾಟನ್ ಶಾಲೆ ಗೊತ್ತಿಲ್ಲದವರು ಕಡಿಮೆ. ಆದರೆ ಈ ಕಾಟನ್ ಯಾರಪ್ಪಾ ಅಂತ ಕೇಳಿ ನೋಡಿ, ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಕಾಟನ್‌ಪೇಟೆಯ ಹತ್ತಿಗೂ ಈ ಹೆಸರಿಗೂ ಸಂಬಂಧವಿಲ್ಲ. ಇವರು ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್, ಕಲ್ಕತ್ತಾದ ಬಿಷಪ್. 1865ರಲ್ಲಿ ಬೆಂಗಳೂರಿನ ಶಾಲೆ ಶುರುವಾದಾಗ ಅದಕ್ಕೆ ಇವರ ಹೆಸರಿಟ್ಟರು. ಇವರು ಹುಡುಗನಾಗಿದ್ದಾಗ ಓದಿದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ.

ವೆಸ್ಟ್‌ಮಿನ್‌ಸ್ಟರ್ ಶಾಲೆಯ ಹಳೇ ವಿದ್ಯಾರ್ಥಿಗಳ ಬಗ್ಗೆ 1928ರಲ್ಲಿ ಎರಡು ದಪ್ಪ ಸಂಪುಟ ಬಂದವು. ಹೆಸರು 'ದಿ ರೆಕಾರ್ಡ್ ಆಫ್ ಓಲ್ಡ್ ವೆಸ್ಟ್‌ಮಿನ್‌ಸ್ಟರ್ಸ್', ಸಂಪಾದಕರು ರಸೆಲ್ ಬಾರ್ಕರ್ ಮತ್ತು ಸ್ಟೆನಿಂಗ್. ಮೊದಲಿನಿಂದ 1927ರವರೆಗೆ ಅಲ್ಲಿ ಓದಿದರೆಂದು ತಿಳಿದುಬಂದ ಎಲ್ಲರ ಪಟ್ಟಿ ಅದು. ಒಬ್ಬೊಬ್ಬರ ಹುಟ್ಟು, ಅಪ್ಪ, ಸೇರಿದ ದಿನ, ಬಿಟ್ಟ ವರ್ಷ, ಮುಂದೆ ಏನಾದರು, ಎಲ್ಲಿ ಸತ್ತರು ಅಂತ ನಾಲ್ಕೈದು ಸಾಲು. ಇಂಗ್ಲೆಂಡಿನ ಬಹುಪಾಲು ಹಳೇ ಶಾಲೆಗಳಿಗೆ ಇಂಥದೊಂದು ಪುಸ್ತಕ ಇದೆ. ನಮ್ಮ ಜಿಲ್ಲೆಗಳಿಗೆ ಬಂದ ಕಲೆಕ್ಟರು, ಪಾದ್ರಿ, ಎಂಜಿನಿಯರು, ಶಾಸನ ಓದಿದವರು, ಇವರ ಬಗ್ಗೆ ಬರೆಯುವವರಿಗೆ ಇದು ಒಳ್ಳೇ ಗಣಿ. ಆದರೆ ಓದುವ ಪಟ್ಟು ತಿಳಿಯದಿದ್ದರೆ ಜಾರಿ ಬೀಳುವುದು ಗ್ಯಾರಂಟಿ. ನಾನು ಬಿದ್ದಿದ್ದೇನೆ.

ಹೆಜ್ಜೆ 1: ಮೊದಲು ಒಂದು ಚೀಟಿ ಬರೆಯಿರಿ

ಸುಮ್ನೆ ಹೆಸರು ಟೈಪ್ ಮಾಡಿ ಹುಡುಕಲು ಕೂರಬೇಡಿ. ಒಂದು ಹಾಳೆಯಲ್ಲಿ ಗೊತ್ತಿರುವುದನ್ನೆಲ್ಲ ಬರೆಯಿರಿ: ಪೂರ್ತಿ ಹೆಸರು, ಹುಟ್ಟಿದ ಅಂದಾಜು ವರ್ಷ, ಅಪ್ಪನ ಹೆಸರು ಮತ್ತು ಕೆಲಸ, ಊರು, ಇಂಡಿಯಾಕ್ಕೆ ಬಂದ ವರ್ಷ. ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಆ ಖಾಲಿ ಜಾಗಗಳೇ ಮುಂದಿನ ಕೆಲಸ.

ಹುಟ್ಟಿದ ವರ್ಷಕ್ಕೆ 8ರಿಂದ 14 ಕೂಡಿಸಿ. ಶಾಲೆಗೆ ಸೇರಿದ್ದು ಸಾಮಾನ್ಯವಾಗಿ ಆ ಅವಧಿಯಲ್ಲಿ. ಕಾಟನ್ ಹುಟ್ಟಿದ್ದು 1813ರ ಅಕ್ಟೋಬರ್ 29ರಂದು, ಚೆಸ್ಟರ್‌ನಲ್ಲಿ. ಅಂದರೆ 1821ರಿಂದ 1827ರ ನಡುವೆ ನೋಡಿದರೆ ಸಾಕು.

ಹೆಸರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಗೊತ್ತಲ್ಲ, ಆಮೇಲೆ ವೆಲಿಂಗ್ಟನ್ ಡ್ಯೂಕ್ ಆದವರು. ಅವರು 1781ರಿಂದ 1784ರವರೆಗೆ ಈಟನ್‌ನಲ್ಲಿದ್ದರು. ಆದರೆ ಆಗ ಅವರ ಮನೆತನದ ಹೆಸರು ವೆಸ್ಲಿ. ವೆಲ್ಲೆಸ್ಲಿ ಅಂತ ಬರೆದುಕೊಳ್ಳಲು ಶುರು ಮಾಡಿದ್ದು 1798ರಲ್ಲಿ. ಆ ಕಾಲದ ಶಾಲೆಯ ಪಟ್ಟಿಯಲ್ಲಿ ಹೊಸ ಹೆಸರು ಹಿಡಿದು ಹುಡುಕಿದರೆ ಏನು ಸಿಗುತ್ತದೆ? ಹಾಗೆಯೇ ಶ್ರೀ ಅರವಿಂದರು. 1884ರಿಂದ 1889ರವರೆಗೆ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದರು. ಅವರ ಅಪ್ಪ ಇಟ್ಟ ಹೆಸರಿನಲ್ಲಿ 'ಆಕ್ರಾಯ್ಡ್' ಅಂತ ಒಂದು ಇಂಗ್ಲಿಷ್ ತುಂಡೂ ಇತ್ತು. ಮನೆತನದ ಹೆಸರು ಘೋಷ್, ಇಂಗ್ಲಿಷಿನಲ್ಲಿ ಕೊನೆಗೆ ಒಂದು 'ಇ' ಸೇರಿಸಿ ಬರೆಯುತ್ತಿದ್ದರು. ಆದ್ದರಿಂದ ಚೀಟಿಯಲ್ಲಿ ಒಂದೇ ಹೆಸರಲ್ಲ, ಅದರ ಎಲ್ಲ ಕಾಗುಣಿತಗಳನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಯಾವ ಶಾಲೆ?

ಇಲ್ಲಿ ಎರಡು ಮಾತು ನಮ್ಮವರನ್ನು ದಾರಿ ತಪ್ಪಿಸುತ್ತವೆ. 'ಪಬ್ಲಿಕ್ ಸ್ಕೂಲ್' ಅಂದರೆ ಅಲ್ಲಿ ಸರ್ಕಾರಿ ಶಾಲೆ ಅಲ್ಲ, ದುಬಾರಿ ಫೀಸಿನ ಖಾಸಗಿ ಶಾಲೆ. 'ಕಾಲೇಜ್' ಅಂತಿದ್ದರೆ ಎಸ್ಸೆಸ್ಸೆಲ್ಸಿ ಆದಮೇಲೆ ಹೋಗುವ ಕಾಲೇಜಲ್ಲ. ಈಟನ್ ಕಾಲೇಜ್, ಚೆಲ್ಟನ್‌ಹ್ಯಾಮ್ ಕಾಲೇಜ್, ಮಾರ್ಲ್‌ಬರೋ ಕಾಲೇಜ್ ಎಲ್ಲವೂ ಶಾಲೆಗಳೇ.

ಶಾಲೆ ಹುಟ್ಟಿದ ವರ್ಷ ನೋಡಿದರೆ ಅರ್ಧ ಹೆಸರು ಹೊಡೆದು ಹಾಕಬಹುದು. ಚೆಲ್ಟನ್‌ಹ್ಯಾಮ್ 1841, ಮಾರ್ಲ್‌ಬರೋ 1843, ವೆಲಿಂಗ್ಟನ್ ಕಾಲೇಜ್ 1859. ಟಿಪ್ಪು ಕಾಲದ ಅಧಿಕಾರಿಯನ್ನು ಇಲ್ಲೆಲ್ಲ ಹುಡುಕುವುದು ದಂಡ. ಅವರಿಗೆ ಈಟನ್, ವೆಸ್ಟ್‌ಮಿನ್‌ಸ್ಟರ್, ವಿಂಚೆಸ್ಟರ್, ಹ್ಯಾರೋ, ಚಾರ್ಟರ್‌ಹೌಸ್, ಸೇಂಟ್ ಪಾಲ್ಸ್, ಮರ್ಚೆಂಟ್ ಟೇಲರ್ಸ್ ನೋಡಬೇಕು.

ಜೀವನಚರಿತ್ರೆಯಲ್ಲಿ ಶಾಲೆಯ ಹೆಸರು ನೇರವಾಗಿ ಇರದೆ ಹಳೇ ವಿದ್ಯಾರ್ಥಿಗಳ ಅಡ್ಡಹೆಸರು ಇರಬಹುದು. 'ವೈಕೆಮಿಸ್ಟ್' ಅಂದರೆ ವಿಂಚೆಸ್ಟರ್‌ನವನು, 'ಕಾರ್ತೂಸಿಯನ್' ಚಾರ್ಟರ್‌ಹೌಸ್‌ನವನು, 'ಸಲೋಪಿಯನ್' ಶ್ರೂಸ್‌ಬರಿಯವನು, 'ಪಾಲೈನ್' ಸೇಂಟ್ ಪಾಲ್ಸ್‌ನವನು.

ಏನೂ ಗೊತ್ತಿಲ್ಲದಿದ್ದರೆ ಹಿಂದಿನಿಂದ ಬನ್ನಿ. ಕೇಂಬ್ರಿಜ್‌ನಲ್ಲಿ ಓದಿದವರೆಲ್ಲರ ಪಟ್ಟಿಯನ್ನು ವೆನ್ ಅಪ್ಪ-ಮಗ ಸೇರಿ 1922ರಿಂದ 1954ರವರೆಗೆ ಹತ್ತು ಸಂಪುಟಗಳಲ್ಲಿ ತಂದರು. ಅದರಲ್ಲಿ ಎಷ್ಟೋ ಜನರ ಹೆಸರಿನ ಮುಂದೆ ಓದಿದ ಶಾಲೆಯನ್ನೂ ಕೊಟ್ಟಿದ್ದಾರೆ. ಆಕ್ಸ್‌ಫರ್ಡ್‌ಗೆ ಜೋಸೆಫ್ ಫಾಸ್ಟರ್ ಮಾಡಿದ ಪಟ್ಟಿ ಇದೆ, 1500ರಿಂದ 1886ರವರೆಗೆ. ಅಲ್ಲಿ ಅಪ್ಪನ ಹೆಸರು, ಊರು, ಅಂತಸ್ತು ಸಿಗುತ್ತದೆ. ಶಾಲೆಗಿಂತ ಮೊದಲು ಇವೆರಡನ್ನು ನೋಡುವುದು ನನ್ನ ರೂಢಿ.

ಹೆಜ್ಜೆ 3: ಕೈಯಲ್ಲಿರುವುದು ಯಾವ ಜಾತಿಯ ಪುಸ್ತಕ?

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಓದುತ್ತೀರಿ ಅಂದರೆ ಇದನ್ನು ಓದಿ.

ಹುಡುಗ ಶಾಲೆಗೆ ಬಂದ ದಿನ ಗುಮಾಸ್ತನೋ ಹೆಡ್ಮಾಸ್ಟರೋ ಬರೆದ ಪುಸ್ತಕ ಒಂದು. ಅದು ದಾಖಲಾತಿ ಪುಸ್ತಕ. ಕೈಬರಹದಲ್ಲಿದೆ, ಶಾಲೆಯ ಕಪಾಟಿನಲ್ಲಿದೆ. ಐವತ್ತು, ನೂರು, ಕೆಲವೊಮ್ಮೆ ಮುನ್ನೂರು ವರ್ಷ ಆದಮೇಲೆ ಯಾರೋ ಶ್ರದ್ಧಾವಂತ ಹಳೇ ವಿದ್ಯಾರ್ಥಿ ಅಥವಾ ಮೇಷ್ಟ್ರು ಕೂತು, ಅದಕ್ಕೆ ಚರ್ಚಿನ ಪುಸ್ತಕ, ವಿಶ್ವವಿದ್ಯಾಲಯದ ಪಟ್ಟಿ, ಪತ್ರಿಕೆ, ಮನೆಯವರ ಪತ್ರ ಎಲ್ಲ ಸೇರಿಸಿ ಅಚ್ಚು ಹಾಕಿಸಿದ ಪುಸ್ತಕ ಇನ್ನೊಂದು. ನಮಗೆ ಸಿಗುವುದು ಹೆಚ್ಚಾಗಿ ಎರಡನೆಯದು.

ಆದ್ದರಿಂದ ಒಂದೇ ನಮೂದಿನಲ್ಲಿ ಎರಡು ಕಾಲದ ಮಾತು ಬೆರೆತಿರುತ್ತದೆ. 'ಸೇರಿದ್ದು ಇಂಥ ದಿನ' ಅನ್ನುವುದು ಆವತ್ತಿನ ಬರಹ. 'ಮದ್ರಾಸಿನಲ್ಲಿ ತೀರಿಕೊಂಡ' ಅನ್ನುವುದು ಆಮೇಲೆ ಯಾರೋ ಹೇಳಿದ ಮಾತು. ಬದುಕಿದ್ದವರಿಗೆ ಸಂಪಾದಕರು ಫಾರಂ ಕಳಿಸಿ ಭರ್ತಿ ಮಾಡಿಸಿಕೊಳ್ಳುತ್ತಿದ್ದರು. ತನ್ನ ಬಗ್ಗೆ ತಾನೇ ಬರೆದುಕೊಟ್ಟವನು ಕಡಿಮೆ ಹೇಳುತ್ತಾನೆಯೇ? ಫಾರಂ ವಾಪಸ್ ಕಳಿಸದವನಿಗೆ ಎರಡೇ ಪದ, ಅಷ್ಟೆ.

ಇನ್ನೊಂದು ವಿಷಯ. ಕೆಲವು ಪುಸ್ತಕಗಳಲ್ಲಿ ಎಲ್ಲ ಹುಡುಗರೂ ಇರುವುದಿಲ್ಲ. ಕಿರ್ಬಿ 1888ರಲ್ಲಿ ತಂದ 'ವಿಂಚೆಸ್ಟರ್ ಸ್ಕಾಲರ್ಸ್' ಹೆಸರೇ ಹೇಳುವಂತೆ ವಿದ್ಯಾರ್ಥಿವೇತನದ ಹುಡುಗರದು ಮಾತ್ರ. ಫೀಸು ಕಟ್ಟಿ ಓದಿದವರು ಅದರಲ್ಲಿಲ್ಲ. ವೆಸ್ಟ್‌ಮಿನ್‌ಸ್ಟರ್‌ನಲ್ಲೂ ವಿದ್ಯಾರ್ಥಿವೇತನದ 'ಕಿಂಗ್ಸ್ ಸ್ಕಾಲರ್' ಬೇರೆ, ಉಳಿದ 'ಟೌನ್ ಬಾಯ್' ಬೇರೆ. ಹೆಸರು ಸಿಗಲಿಲ್ಲ ಅಂದಮಾತ್ರಕ್ಕೆ ಅವನು ಅಲ್ಲಿ ಓದಲಿಲ್ಲ ಅಂತ ಬರೆದುಬಿಡಬೇಡಿ.

ಹೆಜ್ಜೆ 4: ಪುಸ್ತಕ ಎಲ್ಲಿ ಸಿಗುತ್ತದೆ?

ಇದು ಸುಲಭ. ಹಳೇ ರಿಜಿಸ್ಟರುಗಳು ಬಹುಪಾಲು ಇಂಟರ್‌ನೆಟ್ ಆರ್ಕೈವ್‌ನಲ್ಲಿ, ಹಾಥಿಟ್ರಸ್ಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಶಾಲೆಯ ಹೆಸರಿನ ಜೊತೆ 'ರಿಜಿಸ್ಟರ್' ಅಥವಾ 'ಅಡ್ಮಿಷನ್ಸ್' ಅಂತ ಇಂಗ್ಲಿಷಿನಲ್ಲಿ ಹಾಕಿ ಹುಡುಕಿ. ಒಂದಕ್ಕಿಂತ ಹೆಚ್ಚು ಆವೃತ್ತಿ ಇದ್ದರೆ ಎಲ್ಲವನ್ನೂ ಇಳಿಸಿಕೊಳ್ಳಿ. ವೆಸ್ಟ್‌ಮಿನ್‌ಸ್ಟರ್‌ಗೆ 1928ರ ಪುಸ್ತಕಕ್ಕಿಂತ ಮೊದಲೇ, 1892ರಲ್ಲಿ, ಅದೇ ಇಬ್ಬರು ಸಂಪಾದಕರು 1764ರಿಂದ 1883ರವರೆಗಿನ ರಿಜಿಸ್ಟರ್ ತಂದಿದ್ದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಡುವಿನ ವರ್ಷಗಳಲ್ಲಿ ಏನು ಸೇರಿತು, ಏನು ತಿದ್ದಿದರು ಅನ್ನುವುದು ಗೊತ್ತಾಗುತ್ತದೆ.

ಸ್ಕ್ಯಾನ್ ಮಾಡಿದ ಪುಸ್ತಕದಲ್ಲಿ ಹುಡುಕುವ ಡಬ್ಬಿಯನ್ನು ಪೂರ್ತಿ ನಂಬಬೇಡಿ. 18ನೇ ಶತಮಾನದ ಮುದ್ರಣದಲ್ಲಿ ಎಸ್ ಅಕ್ಷರ ಎಫ್ ಥರ ಕಾಣುತ್ತದೆ, ಕಂಪ್ಯೂಟರ್ ವೆಸ್ಲಿಯನ್ನು 'ವೆಫ್ಲಿ' ಅಂತ ಓದಿಕೊಂಡಿರುತ್ತದೆ. ಲ್ಯಾಟಿನ್ನಿನಲ್ಲಿ ಬರೆದ ಪಟ್ಟಿಯಾದರೆ ಜೇಮ್ಸ್ 'ಜಾಕೋಬಸ್' ಆಗಿರುತ್ತಾನೆ, ವಿಲಿಯಂ 'ಗುಲಿಯೆಲ್ಮಸ್'. ಕೊನೆಯ ಪುಟಗಳಲ್ಲಿರುವ ಹೆಸರುಗಳ ಸೂಚಿ ನೋಡಿ ಪುಟಕ್ಕೆ ಹೋಗುವುದೇ ಸರಿ. ಸಂಪುಟದ ಹಿಂದೆ ಇರುವ 'ಸೇರ್ಪಡೆ ಮತ್ತು ತಿದ್ದುಪಡಿ' ಪುಟಗಳನ್ನು ಮರೆಯಬೇಡಿ. ಯಾರೂ ತೆರೆಯದ ಪುಟ ಅದು.

ಹೆಜ್ಜೆ 5: ಒಂದು ನಮೂದನ್ನು ಬಿಡಿಸಿ ಓದುವುದು

ಇದೊಂದು ನಮೂನೆ. ನಾನೇ ಹೊಂದಿಸಿದ್ದು, ಯಾವ ನಿಜ ವ್ಯಕ್ತಿಯದೂ ಅಲ್ಲ:

"ಇಂಥವನು ಮಿ.; 2ನೇ ಎಸ್. ಆಫ್ ಇಂಥವರು, ಚೆಸ್ಟರ್, ಬ್ಯಾಪ್. 4 ಮೇ 1803, ಅಡ್ಮ್. 20 ಜೂನ್ 1814, ಕೆ.ಎಸ್. 1817, ಲೆಫ್ಟ್ 1820, ರೈಟರ್, ಎಚ್.ಇ.ಐ.ಸಿ.ಎಸ್., ಮದ್ರಾಸ್, ಡಿ.ಎಸ್.ಪಿ. 1829."

ಎರಡು ಸಾಲಿನಲ್ಲಿ ಒಂದು ಬದುಕು ಮುಗಿಯಿತು, ಅಲ್ವಾ? ಈಗ ಒಂದೊಂದಾಗಿ ನೋಡೋಣ.

'ಮಿ.' ಅಂದರೆ ಮೈನರ್. ಅಣ್ಣನೂ ಅದೇ ಶಾಲೆಯಲ್ಲಿದ್ದರೆ ಅವನು ಮೇಜರ್, ಇವನು ಮೈನರ್. ಮೂರನೆಯವನಿದ್ದರೆ ಮಿನಿಮಸ್. ಮೇಜರ್ ಅಂತ ಕಂಡ ತಕ್ಷಣ ಸೈನ್ಯಕ್ಕೆ ಸೇರಿಸಬೇಡಿ. 'ಎಸ್. ಆಫ್' ಅಂದರೆ ಇಂಥವರ ಮಗ. ಎರಡನೇ ಮಗ ಅನ್ನುವುದು ಮುಖ್ಯ. ಆಸ್ತಿ ಸಾಮಾನ್ಯವಾಗಿ ಹಿರಿಯನಿಗೆ ಹೋಗುತ್ತಿತ್ತು, ಕಿರಿಯರಿಗೆ ಚರ್ಚು, ಸೈನ್ಯ, ಇಂಡಿಯಾ.

'ಬ್ಯಾಪ್.' ಅಂದರೆ ದೀಕ್ಷಾಸ್ನಾನ, ಹುಟ್ಟಿದ ದಿನವಲ್ಲ. ಹುಟ್ಟಿದ್ದಕ್ಕೆ ಬರೀ 'ಬಿ.' ಇರುತ್ತದೆ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದು ಅರ್ಧ ಊರಿಗೆ ಒಂದೇ ಹುಟ್ಟುಹಬ್ಬ ಮಾಡಿಟ್ಟಿಲ್ಲವೇ? ಅಲ್ಲಿನ ಪೇಚಾಟ ಬೇರೆ ಥರದ್ದು. ವೆಲ್ಲೆಸ್ಲಿ ಜೀವನಪೂರ್ತಿ ಹುಟ್ಟುಹಬ್ಬ ಮಾಡಿಕೊಂಡದ್ದು ಮೇ 1ಕ್ಕೆ. ಡಬ್ಲಿನ್ನಿನ ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನ ಆದದ್ದು 1769ರ ಏಪ್ರಿಲ್ 30ರಂದು. ಹುಟ್ಟುವ ಮೊದಲೇ ನಾಮಕರಣ! ಇಂಥಲ್ಲಿ ಎರಡನ್ನೂ ಬರೆಯಿರಿ, ಯಾವುದು ಎಲ್ಲಿಂದ ಬಂತು ಅಂತಲೂ ಬರೆಯಿರಿ.

'ಅಡ್ಮ್.' ಅಂದರೆ ಶಾಲೆಗೆ ಸೇರಿದ ದಿನ, 'ಲೆಫ್ಟ್' ಬಿಟ್ಟ ವರ್ಷ. 'ಕೆ.ಎಸ್.' ಕಿಂಗ್ಸ್ ಸ್ಕಾಲರ್. ರಾಣಿಯ ಕಾಲದಲ್ಲಿ ಅದೇ 'ಕ್ಯೂ.ಎಸ್.' ಆಗುತ್ತದೆ. 'ರೈಟರ್' ಅಂದರೆ ಬರಹಗಾರ ಅಲ್ಲ, ಈಸ್ಟ್ ಇಂಡಿಯಾ ಕಂಪನಿಯ ಅತಿ ಕೆಳ ದರ್ಜೆಯ ಸಿವಿಲ್ ನೌಕರ. ಎಚ್.ಇ.ಐ.ಸಿ.ಎಸ್. ಅದೇ ಕಂಪನಿಯ ನೌಕರಿ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕಿಂಗ್ಸ್ ಸ್ಕಾಲರ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಕೂಡ 1750ರಲ್ಲಿ ಕಲ್ಕತ್ತಾಕ್ಕೆ ಹೊರಟದ್ದು ರೈಟರ್ ಆಗಿಯೇ.

ಇನ್ನು ಡಿ.ಎಸ್.ಪಿ. ಪೊಲೀಸ್ ಅಧಿಕಾರಿ ಅಂದುಕೊಂಡಿರಾ? ಅದು ಲ್ಯಾಟಿನ್, ಮಕ್ಕಳಿಲ್ಲದೆ ತೀರಿಕೊಂಡ ಅಂತ ಅರ್ಥ. 'ಡಿ. ಅನ್ಮ್.' ಇದ್ದರೆ ಮದುವೆಯಾಗದೆ ತೀರಿಕೊಂಡ.

ಇಂಥ ಮೋಸದ ಪದ ಇನ್ನೂ ಇವೆ. ಕೇಂಬ್ರಿಜ್ ಪಟ್ಟಿಯಲ್ಲಿ 18 ವರ್ಷದ ಹುಡುಗ 'ಪೆನ್ಷನರ್' ಆಗಿರುತ್ತಾನೆ. ನಿವೃತ್ತನಲ್ಲ, ತನ್ನ ಖರ್ಚು ತಾನೇ ಕಟ್ಟಿ ಓದಿದವನು. 'ಸೈಜರ್' ಅಂದರೆ ಬಡವರ ಹುಡುಗ, ಕಡಿಮೆ ದುಡ್ಡಿನಲ್ಲಿ ಓದಿದವನು. 'ಸಿಕ್ಸ್ತ್ ಫಾರ್ಮ್' ಆರನೇ ಕ್ಲಾಸಲ್ಲ, ಶಾಲೆಯ ಕೊನೆಯ ತರಗತಿ.

ಹೆಜ್ಜೆ 6: 1752ಕ್ಕಿಂತ ಹಿಂದಿನ ತಾರೀಖು

ನಮಗೆ ಫಾಲ್ಗುಣ ಹಳೇ ಸಂವತ್ಸರಕ್ಕೆ ಸೇರಿದ್ದು, ಯುಗಾದಿಗೆ ಸಂವತ್ಸರ ಬದಲಾಗುತ್ತದೆ. ಇಂಗ್ಲೆಂಡಿನಲ್ಲೂ 1751ರವರೆಗೆ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ಪುಸ್ತಕದಲ್ಲಿ 'ಫೆಬ್ರವರಿ 1723' ಅಂತಿದ್ದರೆ ನಮ್ಮ ಲೆಕ್ಕಕ್ಕೆ ಅದು 1724. ಎಚ್ಚರದ ಸಂಪಾದಕರು 1723/4 ಅಂತ ಎರಡನ್ನೂ ಹಾಕಿರುತ್ತಾರೆ. ಹಾಗಿದ್ದರೆ ಹಾಗೆಯೇ ಇಳಿಸಿಕೊಳ್ಳಿ, ಜಾಣತನ ತೋರಿಸಿ ತಿದ್ದಬೇಡಿ. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು ಅನ್ನುವುದೂ ನೆನಪಿರಲಿ.

ಹೆಜ್ಜೆ 7: ಇವನು ಅವನೇನಾ?

ಹೆಸರು ಸಿಕ್ಕ ಖುಷಿಯಲ್ಲಿ ಎಲ್ಲರೂ ಎಡವುವುದು ಇಲ್ಲಿ. ಒಮ್ಮೆ ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ್ದ ವಂಶವೃಕ್ಷ ನಂಬಿ ಒಂದು ವಾರ ಹಾಳು ಮಾಡಿಕೊಂಡೆ. ಅಣ್ಣನ ಶಾಲೆ, ತಮ್ಮನ ನೌಕರಿ ಎರಡನ್ನೂ ಒಬ್ಬನಿಗೇ ಅಂಟಿಸಿದ್ದರು. ಹೆಸರಿನ ಮೊದಲಕ್ಷರ ಇಬ್ಬರಿಗೂ ಒಂದೇ. ದೀಕ್ಷಾಸ್ನಾನದ ಪುಸ್ತಕ ನೋಡಿದ ಮೇಲೆ ಗಂಟು ಬಿಚ್ಚಿತು.

ಕಾಟನ್ ಅನ್ನುವ ಹೆಸರನ್ನೇ ತಗೊಳ್ಳಿ. ಇಂಡಿಯಾದಲ್ಲಿ 19ನೇ ಶತಮಾನದಲ್ಲಿ ಹೆಸರಾದ ಕಾಟನ್ ಕನಿಷ್ಠ ಮೂವರು. ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್, ಹುಟ್ಟಿದ್ದು 1803, ಓದಿದ್ದು ಕಂಪನಿಯ ಅಡಿಸ್ಕೂಂಬ್ ಸೈನಿಕ ಶಾಲೆಯಲ್ಲಿ. 1904ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದ ಹೆನ್ರಿ ಕಾಟನ್, ಹುಟ್ಟಿದ್ದು 1845ರಲ್ಲಿ, ಕುಂಭಕೋಣದಲ್ಲಿ. ನಡುವೆ ನಮ್ಮ ಬಿಷಪ್. ಪುಸ್ತಕದ ಕೊನೆಯ ಸೂಚಿಯಲ್ಲಿ ಬರೀ 'ಕಾಟನ್' ಅಂತಿದ್ದರೆ ಯಾರು ಯಾರೋ.

ನಾನಿಟ್ಟುಕೊಂಡ ನಿಯಮ ಇಷ್ಟು: ಹೆಸರನ್ನು ಬಿಟ್ಟು ಇನ್ನೆರಡು ವಿಷಯ ಬೇರೆ ಮೂಲದಲ್ಲೂ ಹೊಂದಬೇಕು. ಬಿಷಪ್ ಕಾಟನ್ ವಿಷಯದಲ್ಲಿ ಅಪ್ಪ ಸಿಗುತ್ತಾರೆ. ಅವರು ಸೈನ್ಯದಲ್ಲಿ ಕ್ಯಾಪ್ಟನ್, ಮಗ ಹುಟ್ಟಿ ಎರಡು ವಾರಕ್ಕೆ ನಿವೆಲ್ ಕದನದಲ್ಲಿ ಸತ್ತರು. ಕದನ ನಡೆದದ್ದು 1813ರ ನವೆಂಬರ್ 10ರಂದು, ಹಾಗಾಗಿ ತಾರೀಖು ತಾಳೆಯಾಗುತ್ತದೆ. ಇನ್ನೊಂದು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, ಬಿ.ಎ. 1836. ವೆನ್ ಪಟ್ಟಿ ತೆಗೆದು ನೋಡಿದರೆ ಆಯಿತು.

ಇನ್ನೊಂದು ಬಲೆ ಇದೆ. ಕಾಟನ್ 1837ರಲ್ಲಿ ರಗ್ಬಿ ಶಾಲೆಗೆ ಮೇಷ್ಟ್ರಾಗಿ ಸೇರಿದರು, 1852ರಲ್ಲಿ ಮಾರ್ಲ್‌ಬರೋಗೆ ಮುಖ್ಯಸ್ಥರಾಗಿ ಹೋದರು. ರಿಜಿಸ್ಟರುಗಳಲ್ಲಿ ಮೇಷ್ಟ್ರುಗಳ ಪಟ್ಟಿಯೂ ಇರುತ್ತದೆ. ಹೆಸರು ಕಂಡಿತು ಅಂತ ಮೂರೂ ಶಾಲೆಯ ಹಳೇ ವಿದ್ಯಾರ್ಥಿ ಮಾಡಿಬಿಡಬೇಡಿ.

ತಾಳೆ ನೋಡಲು ಬೇಕಾಗುವ ಬೇರೆ ಮೂಲಗಳು: ಇಂಗ್ಲೆಂಡಿನಲ್ಲಿ ಹುಟ್ಟು-ಮದುವೆ-ಸಾವಿನ ಸರ್ಕಾರಿ ನೋಂದಣಿ 1837ರ ಜುಲೈಯಿಂದ, ಉಯಿಲುಗಳ ವಾರ್ಷಿಕ ಪಟ್ಟಿ 1858ರಿಂದ, ಪಾದ್ರಿಗಳಿಗೆ ಕ್ರಾಕ್‌ಫರ್ಡ್ ಡೈರೆಕ್ಟರಿ, ನೇಮಕಾತಿಗಳಿಗೆ ಲಂಡನ್ ಗೆಜೆಟ್.

ಹೆಜ್ಜೆ 8: ಇಂಡಿಯಾಕ್ಕೆ ಬಂದಮೇಲೆ

ಇಲ್ಲಿ ವರ್ಷ ನೋಡಿ ದಾರಿ ಆರಿಸಬೇಕು. 1806ರಿಂದ 1858ರವರೆಗೆ ಕಂಪನಿಯ ಸಿವಿಲ್ ಹುಡುಗರು ಹೇಲಿಬರಿಯ ಈಸ್ಟ್ ಇಂಡಿಯಾ ಕಾಲೇಜಿನಲ್ಲಿ ತಯಾರಾಗುತ್ತಿದ್ದರು. ಧಾರವಾಡದ ಕಡೆ ಶಾಸನ ಸಂಗ್ರಹಿಸಿದ ವಾಲ್ಟರ್ ಎಲಿಯಟ್ ಅಲ್ಲಿಯವರು. ಅವರ ಕಾಲದವರನ್ನು ಹುಡುಕಲು ಹೇಲಿಬರಿಯ ಪಟ್ಟಿ, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿರುವ ರೈಟರ್ ಅರ್ಜಿಗಳು. ಅರ್ಜಿಯ ಜೊತೆ ದೀಕ್ಷಾಸ್ನಾನದ ಪತ್ರ ಲಗತ್ತಿಸಿರುತ್ತಾರೆ, ಎಷ್ಟೋ ಸಲ ಓದಿದ ಶಾಲೆಯ ಮಾತೂ ಬರುತ್ತದೆ. ಸೈನ್ಯದವರಿಗೆ ಕೆಡೆಟ್ ಪತ್ರಗಳು ಬೇರೆ ಇವೆ.

1855ರಿಂದ ಸಿವಿಲ್ ನೌಕರಿಗೆ ಸ್ಪರ್ಧಾ ಪರೀಕ್ಷೆ ಬಂತು. ಆಮೇಲಿನವರಿಗೆ ಶಾಲೆಯ ರಿಜಿಸ್ಟರು ಇನ್ನೂ ಜಾಸ್ತಿ ಬೇಕಾಗುತ್ತದೆ, ಏಕೆಂದರೆ ಎಲ್ಲರೂ ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಹೋದವರಲ್ಲ. ಒಳ್ಳೇ ಉದಾಹರಣೆ ನಮ್ಮ ಫ್ಲೀಟ್. ಕನ್ನಡ ಶಾಸನಗಳ ಜೊತೆ ಹಲಗಲಿ ಬೇಡರ ಲಾವಣಿಯನ್ನೂ ಬರೆಸಿಕೊಂಡು ಅಚ್ಚು ಹಾಕಿಸಿದ ಜಾನ್ ಫೇತ್‌ಫುಲ್ ಫ್ಲೀಟ್, 1847ರಲ್ಲಿ ಹುಟ್ಟಿದವರು, ಓದಿದ್ದು ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ. 1865ರಲ್ಲಿ ಪರೀಕ್ಷೆ ಪಾಸಾಗಿ 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದರು. ಈ ಶಾಲೆಯ 1562ರಿಂದ 1874ರವರೆಗಿನ ರಿಜಿಸ್ಟರನ್ನು ರಾಬಿನ್ಸನ್ ಎರಡು ಸಂಪುಟದಲ್ಲಿ ತಂದಿದ್ದಾರೆ. ಫ್ಲೀಟರನ್ನು ಹುಡುಕಲು ವೆನ್ ಪಟ್ಟಿಯಲ್ಲ, ಇದೇ ಸರಿಯಾದ ಬಾಗಿಲು. ಅಭ್ಯಾಸಕ್ಕೆ ಇವರಿಂದಲೇ ಶುರು ಮಾಡಿ ನೋಡಿ.

ಇಂಡಿಯಾದಲ್ಲಿನ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳು ಬಂಗಾಳ, ಮದ್ರಾಸ್, ಮುಂಬಯಿ ಅಂತ ಮೂರು ಪ್ರಾಂತಗಳಾಗಿ ಇವೆ. ಫೈಂಡ್‌ಮೈಪಾಸ್ಟ್ ತಾಣದಲ್ಲಿ ದುಡ್ಡು ಕೊಟ್ಟು ನೋಡಬಹುದು. ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘ, ಅಂದರೆ ಫಿಬಿಸ್, ಅವರ ಸೂಚಿ ಪುಕ್ಕಟೆ. ಬೆಂಗಳೂರು, ಬಳ್ಳಾರಿ, ಮಂಗಳೂರು ಕಡೆಯವರನ್ನು ಮದ್ರಾಸಿನಲ್ಲಿ ಹುಡುಕಿ, ಧಾರವಾಡ, ಬೆಳಗಾವಿಯವರನ್ನು ಮುಂಬಯಿಯಲ್ಲಿ.

ಹೆಜ್ಜೆ 9: ಶಾಲೆಗೆ ಪತ್ರ

ಅಚ್ಚಿನ ಪುಸ್ತಕ ಮುಗಿದಮೇಲೆ ಮಾತ್ರ ಶಾಲೆಯ ದಾಖಲೆ ಪಾಲಕರಿಗೆ ಇಮೇಲ್ ಬರೆಯಿರಿ. ಹೆಸರು, ವರ್ಷ, ನೋಡಿದ ಪುಸ್ತಕದ ಪುಟ ಸಂಖ್ಯೆ, ನಿಮಗೆ ಬೇಕಾದ ಒಂದೇ ಒಂದು ವಿಷಯ. 'ಇವರ ಬಗ್ಗೆ ಇರುವುದೆಲ್ಲ ಕಳಿಸಿ' ಅಂದರೆ ಉತ್ತರ ತಡವಾಗುತ್ತದೆ. 'ದಾಖಲಾತಿ ಪುಸ್ತಕದ ಮೂಲ ಸಾಲಿನ ಫೋಟೋ ಸಿಗಬಹುದೇ' ಅಂದರೆ ಕೆಲಸ ಆಗುತ್ತದೆ. ಫೀಸು ಎಷ್ಟು ಅಂತ ಮೊದಲೇ ಕೇಳಿಬಿಡಿ. ಬದುಕಿರುವವರ ವಿವರ ಕೇಳಬೇಡಿ, ಕೊಡುವುದೂ ಇಲ್ಲ.

ಸಿಗದೇ ಹೋದದ್ದನ್ನೂ ಚೀಟಿಯಲ್ಲಿ ಬರೆದಿಡಿ: ಯಾವ ಪುಸ್ತಕ, ಯಾವ ಆವೃತ್ತಿ, ಯಾವ ಕಾಗುಣಿತ, ಯಾವತ್ತು ನೋಡಿದಿರಿ. ಆರು ತಿಂಗಳು ಬಿಟ್ಟು ಅದೇ ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿ ಹಾಕುವುದು ತಪ್ಪುತ್ತದೆ.

ನನ್ನ ಕಾಟನ್ ಚೀಟಿಯಲ್ಲಿ ಸಾವಿನ ಸಾಲು ತುಂಬಿದೆ. 1866ರ ಅಕ್ಟೋಬರ್ 6, ಈಗಿನ ಬಾಂಗ್ಲಾದೇಶದ ಕುಷ್ಟಿಯಾ. ಅವತ್ತು ಅಲ್ಲಿ ಒಂದು ಸ್ಮಶಾನವನ್ನು ಪ್ರತಿಷ್ಠೆ ಮಾಡಿ, ಸಂಜೆ ಹಡಗಿಗೆ ವಾಪಸ್ ಹೋಗುತ್ತಿದ್ದರು. ದಡದಿಂದ ಹಡಗಿಗೆ ಹಾಕಿದ್ದ ಹಲಗೆಯ ಮೇಲೆ ಕಾಲು ಜಾರಿ ನದಿಗೆ ಬಿದ್ದರು. ಸೆಳವು ಎಳೆದುಕೊಂಡು ಹೋಯಿತು, ದೇಹ ಸಿಗಲೇ ಇಲ್ಲ. ಅದರ ಕೆಳಗಿನ ಸಾಲು 'ಸಮಾಧಿ, ಪುಸ್ತಕ, ಪುಟ'. ಅದು ಖಾಲಿಯೇ ಇದೆ.